ತಾಳಗುಂದದ ಕಂಬವೂ ಕುಬ್ಜ ಕವಿಯೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಯೂರನನ್ನು ಹುಡುಕಿಕೊಂಡು ಹೋಗುವವರು. ದೇವುಡು ಅವರ ಕಾದಂಬರಿ, ಅದನ್ನು ಆಧರಿಸಿ 1975ರಲ್ಲಿ ಬಂದ ಚಲನಚಿತ್ರ, ಇವೆರಡೂ ಸೇರಿ ಆ ವೀರನನ್ನು ನಮ್ಮ ಮನೆಯವನನ್ನಾಗಿ ಮಾಡಿವೆ. ಈಚೆಗೆ ಅಲ್ಲಿಗೆ ಹೋದಾಗ ನನ್ನ ಮನಸ್ಸಿನಲ್ಲಿದ್ದವನೂ ಅವನೇ. ಹಿಂತಿರುಗುವಾಗ ಮಾತ್ರ ಜೊತೆಯಲ್ಲಿ ಬಂದವನು ಬೇರೊಬ್ಬ. ಅವನ ಹೆಸರು ಕುಬ್ಜ.

ಪ್ರಣವೇಶ್ವರ ದೇವಾಲಯದ ಮುಂದಿರುವ ಆ ಎಂಟು ಮುಖದ ಕಂಬದಲ್ಲಿ ಸಾಲುಗಳು ಅಡ್ಡಲಾಗಿ ಹರಿಯುವುದಿಲ್ಲ, ಬುಡದಿಂದ ಮೇಲಕ್ಕೆ ಏರುತ್ತವೆ. ಕತ್ತನ್ನು ಓರೆಮಾಡಿ ನೋಡಬೇಕು. ಪೆಟ್ಟಿಗೆಯಂಥ ತಲೆಕಟ್ಟಿನ ಆ ಅಕ್ಷರಗಳು ಐದನೆಯ ಶತಮಾನದವು. ಭಾಷೆ ಸಂಸ್ಕೃತ, ಪದ್ಯಗಳು 34. ಸಂಸ್ಕೃತವೆಂದು ನಮ್ಮ ಸಾಹಿತ್ಯ ವಿಮರ್ಶಕರು ಇದನ್ನು ಇತಿಹಾಸದವರಿಗೆ ಬಿಟ್ಟುಕೊಟ್ಟರು. ಇತಿಹಾಸದವರಾದರೋ ಇದರಿಂದ ವಂಶಾವಳಿಯನ್ನು ಹೆಕ್ಕಿಕೊಂಡು ಕಾವ್ಯವನ್ನು ಕಂಬದಲ್ಲಿಯೇ ಬಿಟ್ಟರು. 2013ರ ಸುಮಾರಿನ ಉತ್ಖನನದಲ್ಲಿ ಇದೇ ಗುಡಿಯ ಬಳಿ ಸಿಂಹಕಟಾಂಜನದ ಶಾಸನ ದೊರೆತ ಮೇಲೆ, ಅದು ಹಲ್ಮಿಡಿಗಿಂತ ಹಿಂದಿನದೋ ಅಲ್ಲವೋ ಎಂಬ ಚರ್ಚೆಯೇ ಬೆಳೆಯಿತು. ಕಲ್ಲನ್ನು ನಾವು ಕೇಳುವ ಪ್ರಶ್ನೆ ಒಂದೇ: ನಿನ್ನ ವಯಸ್ಸೆಷ್ಟು?

ಕುಬ್ಜನನ್ನು ಕವಿಯೆಂದು ಓದಿದರೆ ದೊರೆಯುವ ಮಯೂರನೇ ಬೇರೆ. ಮೊದಲನೆಯದಾಗಿ ಅವನು ವರ್ಮನಲ್ಲ, ಶರ್ಮ. ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಕುದುರೆಗೆ ಸಂಬಂಧಿಸಿದ ಏನೋ ಒಂದು ಜಗಳ. ಕವಿ ಅದನ್ನು ಒಂದೇ ಸಮಾಸದಲ್ಲಿ ಮುಗಿಸುತ್ತಾನೆ. ಅದು ರಾವುತನೊಡನೆ ನಡೆದ ಕಲಹವೋ ಮತ್ತೇನೋ ಎಂದು ವಿದ್ವಾಂಸರು ಇನ್ನೂ ಒಪ್ಪಂದಕ್ಕೆ ಬಂದಿಲ್ಲ. ಆದರೆ ಅವಮಾನದ ಉರಿಯನ್ನು ಹೇಳುವಾಗ ಕುಬ್ಜನಿಗೆ ಅವಸರವಿಲ್ಲ. ದರ್ಭೆ, ಸಮಿತ್ತು, ಸ್ರುಕ್ಕು, ತುಪ್ಪ ಎಂದು ಆ ಕೈ ಹಿಡಿದು ಬಲ್ಲ ವಸ್ತುಗಳನ್ನೆಲ್ಲ ಎಣಿಸಿ, ಅದೇ ಕೈಯಲ್ಲಿ ಕತ್ತಿ ಹಿರಿಸುತ್ತಾನೆ. ಇಡೀ ಶಾಸನದಲ್ಲಿ ಇಷ್ಟು ಸಹಜವಾದ ಚಿತ್ರ ಮತ್ತೊಂದಿಲ್ಲ.

ಇನ್ನು ಮುಂದಿನ ಭಾಗ. ಶ್ರೀಪರ್ವತದ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿ, ಪಲ್ಲವರನ್ನು ಕಂಗೆಡಿಸಿದ ಈ ಬಂಡುಗಾರ ಕೊನೆಗೆ ಮಾಡಿದ್ದೇನು? ಪಲ್ಲವರ ಸೇವೆಗೇ ಸೇರಿದ. ಪಟ್ಟವನ್ನು ಅವರ ಕೈಯಿಂದಲೇ ಪಡೆದ! ನಮ್ಮ ಮೆಚ್ಚಿನ ಕಥೆಗೆ ಇದು ಅಷ್ಟಾಗಿ ಹೊಂದದು. ಕುಬ್ಜ ಮಯೂರನ ವಂಶದ ಶಾಂತಿವರ್ಮನ ಆಸ್ಥಾನದ ಕಡೆಯವನು. ಬೇಕಿದ್ದರೆ ಇದನ್ನು ಮುಚ್ಚಿಡಬಹುದಾಗಿತ್ತು. ಮುಚ್ಚಿಡಲಿಲ್ಲ. ಪಲ್ಲವ ಎಂದರೆ ಚಿಗುರೂ ಹೌದಷ್ಟೆ. ಪಲ್ಲವರ ಕೈಚಿಗುರುಗಳೇ ಪಟ್ಟವನ್ನು ಹಿಡಿದವು ಎಂದು ಶ್ಲೇಷೆಯಲ್ಲಿ ಹೇಳಿ ಮುಂದೆ ಸಾಗಿದ. ಮಣಿದವರು ಯಾರು, ಗೆದ್ದವರು ಯಾರು ಎಂಬುದನ್ನು ಇದಕ್ಕಿಂತ ಜಾಣತನದಿಂದ ಹೇಳುವುದು ಕಷ್ಟ.

ಎಲ್ಲೆಡೆಯೂ ಈ ಮಟ್ಟವಿಲ್ಲ. ಕಾಕುಸ್ಥವರ್ಮನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಹೆಣ್ಣು ಕೊಟ್ಟದ್ದನ್ನು ಸೂರ್ಯ, ಕಿರಣ, ಕಮಲ ಎಂದು ಹೇಳಿದ್ದು ಬರಿಯ ಆಸ್ಥಾನದ ರೂಢಿ. ಮೊದಲ 24 ಪದ್ಯಗಳಿಗೆ ಆರಿಸಿಕೊಂಡ ಅಪರೂಪದ ಮಾತ್ರಾಛಂದಸ್ಸಿನ ಬೆಡಗೂ ಅಲ್ಲಿ ಅವನನ್ನು ಕಾಪಾಡದು.

ಇಷ್ಟೆಲ್ಲ ಕಾವ್ಯ ಹುಟ್ಟಿದ್ದು ಕಾಕುಸ್ಥವರ್ಮ ಗುಡಿಯ ಬಳಿ ಕಟ್ಟಿಸಿದ ಒಂದು ಕೆರೆಯ ನೆಪದಲ್ಲಿ ಎಂಬುದನ್ನು ಓದುಗರು ಮರೆತೇಬಿಡುತ್ತಾರೆ. ಕವಿಯೂ ಕೊನೆಯಲ್ಲಿ ಮಾತ್ರ ನೆನೆಯುತ್ತಾನೆ. ಆಮೇಲೆ ಹೇಳುತ್ತಾನೆ: ಶಾಂತಿವರ್ಮನ ಮಾತಿನಂತೆ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನು. ಸಾಮಾನ್ಯವಾಗಿ ರಚಿಸಿದವನೊಬ್ಬ, ಕೆತ್ತಿದವನೊಬ್ಬ. ಇಲ್ಲಿ ಆ ಅಂತರವಿಲ್ಲ. ತಪ್ಪಾದರೆ ದೂರಲು ಬೇರೆ ಲಿಪಿಕಾರನಿಲ್ಲ.

ಆ ಹೆಸರು ಯಾವ ಮುಖದಲ್ಲಿದೆಯೆಂದು ಕಂಬದ ಸುತ್ತ ಎರಡು ಸಲ ತಿರುಗಿದೆ. ಕುಬ್ಜನ ‘ಕು’ ನನ್ನ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ ಬಳ್ಳಿಗಾವೆಯ ಕಡೆಗೆ ಹೊರಡುವ ಹೊತ್ತಾಗಿತ್ತು.