‘ಬಿಡು’ ಎನ್ನದ ಮೇಸ್ತ್ರಿ

ಕಾರಿನ ಕ್ಯಾಲಿಪರ್ ಬದಲಿಸಿದ ಮೇಲೆ ಬ್ರೇಕಿನ ಗಾಳಿ ತೆಗೆಯಲೇಬೇಕು. ಒಬ್ಬ ಹುಡುಗ ಪೆಡಲ್ ಮೇಲೆ, ಮೇಸ್ತ್ರಿ ಚಕ್ರದ ಬಳಿ. ಒಬ್ಬರಿಗೊಬ್ಬರು ಕಾಣುವುದಿಲ್ಲ, ನಡುವೆ ಇರುವುದು ಈ ಐದು ಮಾತು.

“ನಿಪ್ಪಲ್ ಮೇಲೈತಾ?”
ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ಎಡದ ಕ್ಯಾಲಿಪರನ್ನು ಬಲಕ್ಕೆ ಕೂರಿಸಿದರೆ ಗಾಳಿ ಹೊರಹೋಗುವ ನಿಪ್ಪಲ್ ಕೆಳಗೆ ಹೋಗುತ್ತದೆ. ಆಮೇಲೆ ದಿನವಿಡೀ ಪೆಡಲ್ ತುಳಿದರೂ ಮೇಲಿನ ಗುಳ್ಳೆ ಅಲ್ಲೇ ಇರುತ್ತದೆ.

“ಆಯಿಲ್ ಎಷ್ಟೈತೆ ನೋಡು.”
ಬ್ರೇಕ್ ದ್ರವದ ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರ್ ಹೊಸ ಗಾಳಿ ಎಳೆದುಕೊಳ್ಳುತ್ತದೆ, ಮಾಡಿದ್ದೆಲ್ಲ ನೀರುಪಾಲು. ‘ಆಯಿಲ್’ ಎಂಬುದು ಬಾಯಿಮಾತು, ಇದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಈ ದ್ರವಕ್ಕೆ ಗಾಳಿಯ ತೇವ ಹೀರುವ ಚಾಳಿಯೂ ಇದೆ: ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಕುಡಿದದ್ದಕ್ಕೆ ಆ ಮಿತಿ 155. ಬಾಯಿ ತೆರೆದಿಟ್ಟ ಹಳೇ ಬಾಟಲಿ ಅದಕ್ಕೇ ಬೇಡ.

“ಹೊಡಿ, ಹೊಡಿ… ಹಿಡ್ಕೋ.”
ಮೂರು ನಾಲ್ಕು ಸಲ ತುಳಿದು, ಒತ್ತಿ ಹಿಡಿಯಬೇಕು. ದ್ರವ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಗಾಳಿ ಕುಗ್ಗುತ್ತದೆ. ಗುಳ್ಳೆ ಇದ್ದರೆ ಕಾಲಿನ ಬಲ ಅದನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗುವುದು ಇದರಿಂದಲೇ.

“ಲೂಸ್ ಮಾಡ್ದೆ… ಟೈಟ್ ಮಾಡ್ದೆ. ಕಾಲ್ ತೆಗಿ.”
ಇಡೀ ಕೆಲಸದ ಜೀವ ಇಲ್ಲಿದೆ. ನಿಪ್ಪಲ್ ಸಡಿಲಿಸಿದೊಡನೆ ಪೆಡಲ್ ಕುಸಿಯುತ್ತದೆ. ಹುಡುಗ ಬೆಚ್ಚಿ ಕಾಲೆತ್ತಿದನೋ, ಹೊರಹೋದ ಗಾಳಿ ಅದೇ ತೂತಿನಿಂದ ವಾಪಸ್. ‘ಮಾಡ್ದೆ’ ಎಂಬ ಭೂತಕಾಲ ಗಮನಿಸಿ: ಬಿಗಿಯಾದ ಮೇಲೆಯೇ ಆ ಮಾತು, ಆಮೇಲೆಯೇ ಕಾಲು. ‘ಬಿಡು’ ಎಂಬ ಪದ ಎಲ್ಲೂ ಇಲ್ಲ. ನಿಪ್ಪಲ್ ಬಿಡುವುದೂ ಬಿಡುವುದೇ, ಪೆಡಲ್ ಬಿಡುವುದೂ ಬಿಡುವುದೇ. ಕಾಣದ ಕಾಲಿಗೆ ಎರಡರ್ಥದ ಮಾತು ಅಪಾಯ.

“ಇನ್ನೊಂದ್ಸಲ.”
ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನ ಇನ್ನೊಂದು ತುದಿ ಬಾಟಲಿಯ ದ್ರವದಲ್ಲಿ ಮುಳುಗಿರುತ್ತದೆ. ಮೊದಲು ಗೋಲಿ ಗಾತ್ರದ ಗುಳ್ಳೆ, ಆಮೇಲೆ ಸಾಸಿವೆಯಷ್ಟು, ಕೊನೆಗೆ ಬರೀ ದ್ರವ. ನಾಲ್ಕೂ ಚಕ್ರಕ್ಕೆ ಮಾಡುವುದಾದರೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ್ದು ಮೊದಲು, ನಮ್ಮ ಗಾಡಿಗಳಲ್ಲಿ ಹಿಂದಿನ ಎಡಚಕ್ರ. ಕೆಲವು ಮಾದರಿಗಳ ಕ್ರಮ ಬೇರೆ. ಎಬಿಎಸ್ ಇದ್ದರೆ ಸ್ಕ್ಯಾನರ್ ಬೇಕಾಗಬಹುದು. ಆದರೆ ‘ಎಷ್ಟು ಸಲ’ ಎಂದು ಮೇಸ್ತ್ರಿ ಎಂದೂ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಪೈಪು.