ಸಿಂಪ್ಯೂಟರ್: ನೆನೆಯುವವರು ಮರೆತದ್ದು

ಸಿಂಪ್ಯೂಟರ್ ಎಂದೊಡನೆ ನಮ್ಮವರು ಹೆಮ್ಮೆಯಿಂದ ಹೇಳುವುದು ಒಂದೇ ಮಾತು: ಐಫೋನ್‌ಗಿಂತ ಮೊದಲೇ ಅದು ಬೆಂಗಳೂರಿನಲ್ಲಿತ್ತು! ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯವರೂ ಸೇರಿ 2001ರಲ್ಲೇ ಅದರ ಮಾದರಿ ತೋರಿಸಿದ್ದರು. 2004ರಲ್ಲಿ ಬಿ.ಇ.ಎಲ್. ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆದರೆ ಈ ಹಳಹಳಿಕೆ ನೆನೆಯುವುದು ಯಂತ್ರವನ್ನು, ಅದರ ಹಿಂದಿದ್ದ ಆಲೋಚನೆಯನ್ನಲ್ಲ.

ಅದು ಒಬ್ಬರ ಜೇಬಿಗೆಂದೇ ಹುಟ್ಟಿದ್ದಲ್ಲ. ಒಂಬತ್ತು ಸಾವಿರ ರೂಪಾಯಿಯ ಯಂತ್ರವನ್ನು ಹಳ್ಳಿಯ ಬಡವ ಕೊಳ್ಳಲಾರನೆಂದು ಬಲ್ಲವರು ಅದರಲ್ಲಿ ಸ್ಮಾರ್ಟ್ ಕಾರ್ಡಿಗೆ ಜಾಗವಿಟ್ಟರು. ಯಂತ್ರ ಪಂಚಾಯಿತಿಯದೋ ಶಾಲೆಯದೋ ಅಂಗಡಿಯವನದೋ ಇರಲಿ, ಕಾರ್ಡು ಮಾತ್ರ ನಿಮ್ಮದು. ಅಕ್ಷರ ಬಾರದವರಿಗೆ ಅದು ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬುದು ಕನಸು. ಪಿರಿಯಾಪಟ್ಟಣದ ತಂಬಾಕು ಬೆಳೆಗಾರ, ಹೆಚ್.ಡಿ. ಕೋಟೆಯ ಹಾಡಿಯ ಹೆಣ್ಣುಮಗಳು ತಂತಮ್ಮ ಊರಿನ ಯಂತ್ರಕ್ಕೆ ತಮ್ಮದೇ ಕಾರ್ಡು ತೂರಿಸಬಹುದಿತ್ತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು, ಹಂಚಿಕೊಳ್ಳುವ ಮಾತೇ ಹಿಂದೆ ಬಿತ್ತು.

ಈಗ ಹುಣಸೂರು, ಕೆ.ಆರ್. ನಗರದ ಸಂತೆಗಳಲ್ಲಿ ಕೈಗೊಂದು ಫೋನು. ಪಿಂಚಣಿ ಬಂತೇ ಎಂದು ತಿಳಿಯಲು ಮಾತ್ರ ಅಜ್ಜಿ ಫೋನು ಹಿಡಿದು ಪಕ್ಕದ ಮನೆಯ ಹುಡುಗನಿಗಾಗಿ ಕಾಯುತ್ತಾಳೆ.