ವೇಗಕ್ಕೊಂದು ಅಳತೆಗೋಲು

ಜಾಹೀರಾತಿನಲ್ಲಿ ಕಾಣುವ ಇಂಟರ್ನೆಟ್ ವೇಗ ಒಂದು, ಮನೆಗೆ ತಲುಪುವ ವೇಗ ಇನ್ನೊಂದು. ಆ ಅಂತರವನ್ನು ಸಾಮಾನ್ಯ ಗ್ರಾಹಕರೂ ಅಳೆದು ನೋಡುವಂತೆ ಮಾಡಿದ ಹಿರಿಮೆ ಸ್ಪೀಡ್‌ಟೆಸ್ಟ್ ಎಂಬ ಸಾಧನದ್ದು. ಅಮೆರಿಕದ ಸಿಯಾಟಲ್‌ನ ಊಕ್ಲಾ ಸಂಸ್ಥೆ 2006ರಲ್ಲಿ ಇದನ್ನು ಹೊರತಂದಿತು.

ಬಳಸುವವರಿಗೆ ಒಂದೇ ಗುಂಡಿ. ಒಳಗಿನ ಕೆಲಸ ಮಾತ್ರ ಬಲು ನಾಜೂಕು. ಮೊದಲು ಹತ್ತಿರದ ಸರ್ವರ್‌ಗಳಿಗೆ ಪುಟ್ಟ ಸಂದೇಶ ಕಳಿಸಿ, ಬೇಗ ಉತ್ತರಿಸುವುದನ್ನು ಆರಿಸಿಕೊಳ್ಳುತ್ತದೆ. ಬಳಿಕ ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದು ಡೇಟಾ ಇಳಿಸುತ್ತದೆ, ಆಮೇಲೆ ಏರಿಸುತ್ತದೆ. ಒಂದೇ ನಲ್ಲಿ ತಿರುಗಿಸಿ ದೊಡ್ಡ ಪೈಪಿನ ಹರಿವನ್ನು ಅಳೆಯಲಾಗದಂತೆ, ವೇಗದ ಲೈನಿನ ಪೂರ್ತಿ ಬಲ ಒಂದೇ ಸಂಪರ್ಕದಲ್ಲಿ ತಿಳಿಯುವುದು ಕಷ್ಟ.

ಆರಂಭದಲ್ಲಿ ಫ್ಲ್ಯಾಶ್ ಎಂಬ ವೆಬ್ ತಂತ್ರಜ್ಞಾನವನ್ನು ನೆಚ್ಚಿಕೊಂಡಿದ್ದ ಈ ಸಾಧನ, ಫ್ಲ್ಯಾಶ್‌ನ ಕಾಲ ಮುಗಿಯುತ್ತ ಬಂದಾಗ ಎಚ್‌ಟಿಎಂಎಲ್5ಕ್ಕೆ ಹೊರಳಿತು; ಮೊಬೈಲಿಗೂ ಬಂತು. ಲೈನು ತುಂಬಿರುವಾಗ ಎಷ್ಟು ವಿಳಂಬವಾಗುತ್ತದೆ ಎಂಬುದನ್ನೂ ಈಗ ತೋರಿಸುತ್ತದೆ. ವಿಡಿಯೊ ಕರೆ ತಡವರಿಸುವುದಕ್ಕೆ ಎಷ್ಟೋ ಸಲ ಕಾರಣ ಅದೇ.

ವೇಗ ಅಳೆಯಲು ಇಂಥವೇ ಸಾಧನಗಳಾಗಿ 2016ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಫಾಸ್ಟ್ ಅನ್ನು, ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮೈಸ್ಪೀಡ್ ಆ್ಯಪನ್ನು ತಂದವು. ಹಣ ಕೊಟ್ಟು ಕೊಂಡದ್ದನ್ನು ತೂಗಿ ನೋಡುವ ಹಕ್ಕು ಗ್ರಾಹಕರದು; ಆ ಹಕ್ಕಿಗೆ ತಕ್ಕಡಿ ಒದಗಿಸಿದ ಈ ಕಸುಬುದಾರಿಕೆಗೆ ಮನಸಾರೆ ಶಹಬ್ಬಾಸ್ ಅನ್ನಬೇಕು.